ಸೋಮಿಗೆ ಅಲ್ಲ ಎನ್ನುವವರು

ನನ್ನ ಹೆಜ್ಜೆ ಆಳಕ್ಕೆ ಇಳಿಯುತ್ತಿಲ್ಲ ಎಂಬುದನ್ನು ಮೊದಲು ಕಂಡವನು ಮೇಸ್ತ್ರಿ ಜಟ್ಟಪ್ಪ. ಮಳೆಗಾಲ ಕಳೆದು ಉಪ್ಪಿನ ಆಗರದಲ್ಲಿ ಪಾತಿ ತುಳಿಯುವ ಕೆಲಸ ಶುರುವಾಗಿ ನಾಲ್ಕು ದಿನವಾಗಿತ್ತು. ಹೊಸ ಜೇಡಿಮಣ್ಣು ಹರಡಿ, ನೀರು ಚಿಮುಕಿಸಿ, ನಾವು ಹತ್ತು ಹನ್ನೆರಡು ಹೆಂಗಸರು ಸಾಲಾಗಿ ನಿಂತು ಹಿಮ್ಮಡಿಯೂರಿ ತುಳಿಯುತ್ತ ಹೋಗಬೇಕು. ನೆಲ ಕಲ್ಲಿನಂತಾದರೆ ಮಾತ್ರ ಸಮುದ್ರದ ನೀರು ಇಂಗದೆ ನಿಂತು ಉಪ್ಪಾಗುತ್ತದೆ. ಜಟ್ಟಪ್ಪ ನಮ್ಮ ಹಿಂದೆಯೇ ಬಗ್ಗಿ ನೋಡುತ್ತ ಬರುತ್ತಾನೆ. ನನ್ನ ಸಾಲಿಗೆ ಬಂದವನು ಕುಕ್ಕರಗಾಲಿನಲ್ಲಿ ಕೂತ. ತೋರುಬೆರಳನ್ನು ನನ್ನ ಹೆಜ್ಜೆಯೊಳಗೆ ಇಟ್ಟ. ಉಗುರೂ ಮುಳುಗಲಿಲ್ಲ.

"ಮಾದೇವಕ್ಕ, ಮನೇಲಿ ಎಲ್ಲ ಸಮ ಉಂಟಾ?" ಎಂದು ಮೆಲ್ಲಗೆ ಕೇಳಿದ.

ನಮ್ಮೂರಿನಲ್ಲಿ ಆ ಪ್ರಶ್ನೆಯನ್ನು ಯಾರಾದರೂ ಮೆಲ್ಲಗೆ ಕೇಳಿದರೆ ಎದೆ ಧಸಕ್ಕೆನ್ನುತ್ತದೆ. "ಉಂಟಲ್ಲ. ದಿನಾ ಜಗಳ" ಎಂದೆ.

"ದಿನಾ?"

"ಒಂದು ದಿನ ತಪ್ಪಿಸ್ಲಿಲ್ಲ. ನಿನ್ನೆಯೂ ಆಡಿದ್ದೇವೆ."

ಅವನು ಕತ್ತು ತುರಿಸಿಕೊಂಡ. "ಹಾಗಾದ್ರೆ ಮಣ್ಣೇ ಗಟ್ಟಿ ಇರ್ಬೇಕು, ಬಿಡಿ."

ಪಕ್ಕದ ಸಾಲಿನಲ್ಲಿ ಕುಪ್ಪಮ್ಮನ ಹೆಜ್ಜೆ ಅದೇ ಮಣ್ಣಿನಲ್ಲಿ ನಾಲ್ಕು ಬೆರಳು ಇಳಿದಿತ್ತು. ಅವನೂ ನೋಡಿದ, ನಾನೂ ನೋಡಿದೆ. ಕುಪ್ಪಮ್ಮ ನಮ್ಮ ನೆರೆಮನೆಯವಳು, ನನಗಿಂತ ಐದಾರು ವರ್ಷ ದೊಡ್ಡವಳು. "ನಂಗೆ ಸೊಸೆ ಒಬ್ಬಳು ಸಾಕು ಜಟ್ಟಪ್ಪ. ಅವಳ ದೆಸೆಯಿಂದ ನಾನು ಒಂದಿನ ಪಾತಾಳಕ್ಕೇ ಇಳೀತೇನೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಎದುರಾಡುವವರಿಲ್ಲದ ಮನುಷ್ಯ ನಮ್ಮೂರಿನಲ್ಲಿ ಹಗುರಾಗುತ್ತಾನೆ. ಮೊದಲು ಹೆಜ್ಜೆ ತೇಲುತ್ತದೆ, ಆಮೇಲೆ ಕೂತ ಚಾಪೆ ತಗ್ಗುವುದಿಲ್ಲ, ಆಮೇಲೊಂದು ದಿನ ಅವನು ಇರುವುದಿಲ್ಲ. ಅದಕ್ಕೇ ಇಲ್ಲಿ ಹೆಣ್ಣು ನೋಡಲು ಬಂದರೆ ಹುಡುಗ ಹುಡುಗಿಯನ್ನು ಒಂದು ಗಂಟೆ ಕೋಣೆಯಲ್ಲಿ ಕೂರಿಸಿ, ಇಬ್ಬರೂ ನಗುನಗುತ್ತ ಹೊರಬಂದರೆ ಸಂಬಂಧ ಬೇಡ ಎನ್ನುತ್ತಾರೆ. ಅಕ್ಕಿಕಾಳು ಹಾಕುವಾಗ ಹಿರಿಯರು "ಒಂದೇ ಮಾತಿನವರಾಗಬೇಡಿ" ಎಂದು ಹರಸುತ್ತಾರೆ. ಹಾಗೆಂದು ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂಬ ಜಗಳದಿಂದ ಯಾರ ಕಾಲೂ ಊರುವುದಿಲ್ಲ. ಮನುಷ್ಯ ಯಾವುದನ್ನು ತನ್ನೊಳಗೆ ಎಲ್ಲಕ್ಕಿಂತ ಆಳದಲ್ಲಿ ಇಟ್ಟುಕೊಂಡಿದ್ದಾನೋ ಅದಕ್ಕೇ ಒಬ್ಬರು ಅಲ್ಲ ಎನ್ನಬೇಕು. ಮನಸ್ಸಿನಲ್ಲೂ ಇರಬೇಕು, ಬಾಯಿಂದಲೂ ಬರಬೇಕು. ಒಂದಿದ್ದು ಒಂದಿಲ್ಲದಿದ್ದರೆ ಪ್ರಯೋಜನವಿಲ್ಲ. ಆಗರದ ಹಳೆಯ ಒಡೆಯರ ಮನೆಯಲ್ಲಿ ಅವರಿಗೆ ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗಾಲದಲ್ಲಿ ಅವರನ್ನು ತೆಂಗಿನ ಹಗ್ಗದಿಂದ ಮಂಚಕ್ಕೆ ಕಟ್ಟಿದ್ದರು. ಬೇರೆ ಊರಿನಿಂದ ಒಬ್ಬನನ್ನು ಸಂಬಳ ಕೊಟ್ಟು ಕರೆಸಿ, ಹೊತ್ತು ಹೊತ್ತಿಗೆ "ಅಲ್ಲ ಒಡೆಯರೇ, ನೀವು ಹೇಳೋದು ತಪ್ಪು" ಎಂದು ಕೂಗಿಸಿದರು. ಅವನ ಕೂಗು ಮೂರು ಮನೆಗೆ ಕೇಳುತ್ತಿತ್ತು. ಆದರೆ ಒಳಗೆ ಅವನಿಗೆ ಒಡೆಯರು ಹೇಳಿದ್ದೆಲ್ಲ ಸರಿಯೇ. ಒಂದು ಬೆಳಗ್ಗೆ ನೋಡಿದರೆ ಹಗ್ಗದ ಗಂಟು ಗಂಟಾಗಿಯೇ ಇತ್ತು, ಮಂಚ ಬರಿದಾಗಿತ್ತು.

ನಮ್ಮ ಮನೆಯ ಜಗಳ ಸೋಮಿಯದು. ಸೋಮಿ ನನ್ನ ಗಂಡ ಬೊಮ್ಮಯ್ಯನವರ ತಂಗಿ. ತಾಯಿ ಇಲ್ಲದ ಹುಡುಗಿ, ನಾನು ಮದುವೆಯಾಗಿ ಬಂದಾಗ ಎಂಟು ವರ್ಷದವಳು. ನನ್ನ ಕೈಯಲ್ಲೇ ಎಣ್ಣೆ ಹಚ್ಚಿಸಿಕೊಂಡು, ನನ್ನ ಬೆನ್ನಿಗೇ ಒರಗಿ ಮಲಗಿ ಬೆಳೆದಳು. ಹನ್ನೊಂದು ವರ್ಷದ ಹಿಂದೆ ಅವಳನ್ನು ಹೊಳೆಯಾಚೆ ಕೊಟ್ಟೆವು. ಒಳ್ಳೆಯ ಜನ ಎಂದೇ ಎಲ್ಲರೂ ಹೇಳಿದ್ದರು. ಒಳ್ಳೆಯವರೇ ಇರಬೇಕು. ಮಾಡು ಸೋರುತ್ತದೆ ಎಂದರೆ "ಹೌದು ಹೌದು" ಎನ್ನುತ್ತಿದ್ದರಂತೆ. ನನಗಿಲ್ಲಿ ಸೇರುತ್ತಿಲ್ಲ ಎಂದರೂ "ಹೌದು ಹೌದು". ಆಮೇಲೆ ತಮ್ಮ ಪಾಡಿಗೆ ಎದ್ದು ಹೋಗುತ್ತಿದ್ದರಂತೆ. ಮೂರು ತಿಂಗಳಾಗುವಾಗ ಸೋಮಿ ಒಂದು ಪೆಟ್ಟಿಗೆ ಹಿಡಿದುಕೊಂಡು ತಿರುಗಿ ಬಂದಳು.

ಆ ಸಂಜೆ ನಾನು ಜಗಲಿಯಲ್ಲಿ ಕೂತು ಒಣಸೀಗಡಿಯ ತಲೆ ಮುರಿಯುತ್ತಿದ್ದೆ. ಅವಳು ಬಂದು ಮೊರದ ಆಚೆ ಬದಿಗೆ ಕೂತಳು. ತಾನೂ ಎರಡು ಸೀಗಡಿ ಮುರಿದಳು. "ಅತ್ತಿಗೆ, ನಾ ಬಂದದ್ದು ಸರಿಯಾ?" ಎಂದಳು.

"ಸರಿಯೇ. ಸಮ ಮಾಡಿದಿ" ಎಂದೆ.

ಅವಳು ನಕ್ಕಳು. ಅಷ್ಟು ಹಗುರವಾದ ನಗುವನ್ನು ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ. ಮುಂದಿನ ಏಳು ದಿನದಲ್ಲಿ ಮತ್ತೆ ಮೂರು ಸಲ ಅದನ್ನೇ ಕೇಳಿದಳು. ಮೂರು ಸಲವೂ ನಾನು ಅದನ್ನೇ ಹೇಳಿದೆ. ಅಂಗಳದಲ್ಲಿ ಹರಡಿದ ಬೇಯಿಸಿದ ಭತ್ತದ ಮೇಲೆ ಅವಳು ನಡೆದು ಹೋದರೆ ಒಂದು ಕಾಳೂ ಸರಿಯುತ್ತಿರಲಿಲ್ಲ. ಕೋಳಿಗಳು ಅವಳು ಹತ್ತಿರ ಬಂದರೂ ದಾರಿ ಬಿಡುತ್ತಿರಲಿಲ್ಲ. ನಾನದನ್ನು ಕಂಡೂ ಸರಿಯೇ ಎಂದೆ. ಎಂಟನೆಯ ದಿನ ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಬಂತು. ಒಣಗಿದ ಬಟ್ಟೆ ತರುತ್ತೇನೆಂದು ಹೋದಳು. ಸ್ವಲ್ಪ ಹೊತ್ತಿಗೆ ನಾನು ಹೋಗಿ ನೋಡಿದಾಗ ಬಟ್ಟೆ ಹಗ್ಗದ ಮೇಲಿತ್ತು, ಸೋಮಿ ಇರಲಿಲ್ಲ.

ಅಂದಿನಿಂದ ನಾನು ಹೇಳಿದ್ದು ಒಂದೇ ಮಾತು. ತಪ್ಪು ನನ್ನದು. ಅಲ್ಲ ಎನ್ನುವವರು ಇಲ್ಲದ ಮನೆಯಿಂದ ಬಂದ ಹುಡುಗಿಗೆ ನಾನೂ ಹೌದು ಎಂದೆ. "ಹುಚ್ಚಿ, ತಿರುಗಿ ಹೋಗು" ಎಂದಿದ್ದರೆ ನನ್ನ ಮೇಲೆ ಹರಿಹಾಯ್ದುಕೊಂಡಾದರೂ ಉಳಿಯುತ್ತಿದ್ದಳು. ನನ್ನ ಗಂಡನದೂ ಒಂದೇ ಮಾತು: "ಅಲ್ಲ. ನಿನ್ನ ತಪ್ಪಲ್ಲ. ಅವಳು ಬರುವಾಗಲೇ ಹಗುರ ಇದ್ದಳು." ದಿನವೂ ಉಂಡಾದ ಮೇಲೆ ಇದೇ. ನಾನು ಹೊಸ ಹೊಸ ಕಾರಣ ತೆಗೆಯುತ್ತಿದ್ದೆ. ಬಂದ ದಿನ ಅವಳು ಕೂತಾಗ ಜಗಲಿಯ ಹಲಗೆ ಕಿರ್ರೆಂದಿತ್ತು, ಅಂದರೆ ತೂಕ ಇನ್ನೂ ಇತ್ತು ಎನ್ನುತ್ತಿದ್ದೆ. ಇವರು ಸಿಟ್ಟಿನಿಂದ ಬಟ್ಟಲು ಎಸೆದದ್ದೂ ಉಂಟು. ಮಕ್ಕಳಿಲ್ಲದ ಮನೆಯಲ್ಲಿ ಆ ಜಗಳವನ್ನೇ ನಾವು ಸಾಕಿದೆವು. ಮರುದಿನ ಪಾತಿಯಲ್ಲಿ ನನ್ನ ಹಿಮ್ಮಡಿ ಐದು ಬೆರಳು ಇಳಿಯುತ್ತಿತ್ತು. ಈ ಆಗರದಲ್ಲಿ ನನ್ನಷ್ಟು ಚೆನ್ನಾಗಿ ತುಳಿಯುವವರು ಇರಲಿಲ್ಲ.

ಈಚೆಗೆ ಇವರು ಉತ್ತರ ಬೇಗ ಕೊಡುತ್ತಿದ್ದರು. ನಾನು ಮಾತು ಮುಗಿಸುವ ಮೊದಲೇ "ಅಲ್ಲ ಮಾರಾಯ್ತಿ, ನಿನ್ನ ತಪ್ಪಲ್ಲ" ಎಂದು ತಮ್ಮ ತಟ್ಟೆಯ ಮೀನಿನ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು. ವಯಸ್ಸಾಯಿತು, ಮೆತ್ತಗಾದರು ಎಂದುಕೊಂಡಿದ್ದೆ.

ಜಟ್ಟಪ್ಪ ಬೆರಳಿಟ್ಟು ನೋಡಿದ ಆ ದಿನ ಮಧ್ಯಾಹ್ನ ಮನೆಗೆ ಹೊರಟಾಗ ಕುಪ್ಪಮ್ಮ ನನ್ನ ಜೊತೆಗಿದ್ದಳು. ಆಗರದ ಒಡ್ಡಿನ ಮೇಲಿನ ಮರಳಿನಲ್ಲಿ ಅವಳ ಹೆಜ್ಜೆ ಮಾತ್ರ ಬರುತ್ತಿತ್ತು. ಅವಳೂ ಅದನ್ನು ಕಂಡು ನಿಂತಳು.

"ಎಂತ ಮಾರಾಯ್ತಿ ಇದು? ಬೊಮ್ಮಯ್ಯ ಮಾತಾಡೂದಿಲ್ವಾ?"

"ಮಾತಾಡ್ತಾರೆ. ದಿನಾ ಅಲ್ಲ ಅಂತಾರೆ."

"ಹಾಗಾದ್ರೆ ಸಾಕಾಗ್ಲಿಲ್ಲ ಕಾಣ್ತದೆ. ನಾನೊಂದು ಹೇಳ್ತೇನೆ, ತಕೋ." ಅವಳು ಸೊಂಟಕ್ಕೆ ಕೈಯಿಟ್ಟು, ಸೊಸೆಗೆ ಹೇಳುವಂತೆ ದನಿಯೆತ್ತಿದಳು. "ಸೋಮಿ ಹೋದದ್ದು ನಿನ್ನಿಂದ ಅಂತ ಹೇಳ್ತಿಯಲ್ಲ, ಅದು ಸುಳ್ಳು. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ!"

ಇಬ್ಬರೂ ನನ್ನ ಪಾದ ನೋಡಿದೆವು. ಮರಳು ಹಾಗೇ ಇತ್ತು. ಗಾಳಿ ಎಳೆದ ಗೆರೆ ಕೂಡ ಕದಡಿರಲಿಲ್ಲ.

ಕುಪ್ಪಮ್ಮನ ಮುಖ ಬಿಳಿಚಿತು. "ನಾ ಮನಸಾರೆ ಹೇಳಿದ್ದು ಮಾದೇವಿ" ಎಂದಳು. ಆಮೇಲೆ ಸಮುದ್ರದ ಕಡೆ ತಿರುಗಿಕೊಂಡಳು. ಅವಳು ನನಗೆ ಹನ್ನೊಂದು ವರ್ಷ ಕೊಟ್ಟ ಬಾಳೆಕಾಯಿ, ಹಂಚಿಕೊಂಡ ಎಲೆಯಡಿಕೆ, ಸೋಮಿ ಹೋದ ದಿನ ನನ್ನ ಮನೆಗೇ ಬಂದು ಬಡಿಸಿದ ಅನ್ನ, ಎಲ್ಲದರ ಅಡಿಯಲ್ಲಿ ತಪ್ಪು ನನ್ನದೇ ಎಂಬ ಇದೊಂದಿತ್ತು. ಊರಿಗೆಲ್ಲ ಹಾಗೇ ಅನಿಸಿರಬೇಕು. ನಾನೇ ಹೇಳುತ್ತ ಬಂದ ಮಾತು, ಯಾಕೆ ನಂಬಬಾರದು?

ಮನೆಯಲ್ಲಿ ಇವರು ಅಂಗಳದಲ್ಲಿ ಕೂತು ಉಪ್ಪು ಎಳೆಯುವ ಹಲಗೆಗೆ ಹೊಸ ಹಿಡಿ ಕೂರಿಸುತ್ತಿದ್ದರು. ನಾನು ಬಚ್ಚಲ ಹಿಂದಿನ ಕೆಸರಿನಲ್ಲಿ ನಿಂತು ಕರೆದೆ.

"ಕೇಳಿತಾ? ಇಲ್ಲಿ ಬನ್ನಿ. ಸೋಮಿಯದ್ದು ಒಂದು ಸಲ ಹೇಳಿ."

"ಈಗಲಾ? ಊಟ ಆಗ್ಲಿ."

"ಈಗ ಹೇಳಿ. ನನ್ನ ಕಾಲು ನೋಡಿಕೊಂಡು ಹೇಳಿ."

ಇವರು ಬಂದರು. ನೋಡಿದರು. "ನಿನ್ನ ತಪ್ಪಲ್ಲ" ಎಂದರು. ಕೆಸರು ಅಲುಗಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದರು. ಮೂರನೆಯ ಸಲ ಹೇಳಹೊರಟವರು ಅರ್ಧಕ್ಕೇ ಬಿಟ್ಟರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು.

"ಯಾವಾಗಿಂದ?" ಎಂದು ಕೇಳಿದೆ.

"ಗೊತ್ತಿಲ್ಲ. ಈ ಸಲದ ಮಳೆ ಹಿಡಿಯುವಾಗ ಇರ್ಬೇಕು."

"ನನಗೆ ಹೇಳಬಹುದಿತ್ತು."

"ಹೇಳಿದ್ರೆ ನೀ ಹಗುರ ಆಗ್ತಿ ಅಂತ ಹೇಳ್ಲಿಲ್ಲ. ಬಾಯಲ್ಲಿ ಅಲ್ಲ ಅಂತಿದ್ರೆ ಸ್ವಲ್ಪ ದಿನ ನಡೀಬಹುದು ಅಂದುಕೊಂಡೆ." ಅಂಗೈಯಲ್ಲಿ ಮುಖ ಉಜ್ಜಿಕೊಂಡರು. "ನೀನೇ ನಂಬಿಸಿದ್ದು ನನ್ನನ್ನು. ಎಷ್ಟು ಚಂದ ವಾದ ಮಾಡ್ತಿ ನೀನು. ಜಗಲಿ ಹಲಗೆ ಕಿರ್ರೆಂದದ್ದು, ಕೋಳಿ ದಾರಿ ಬಿಡದೇ ಇದ್ದದ್ದು... ಉತ್ತರ ಎಲ್ಲಿಂದ ತರ್ಲಿ ನಾನು?"

ಹಾಗಾದರೆ ನಾನು ಗೆದ್ದಿದ್ದೆ. ಗೆದ್ದದ್ದಕ್ಕೇ ಕೆಸರಿನ ಮೇಲೆ ಎಲೆಯ ಹಾಗೆ ನಿಂತಿದ್ದೆ.

"ಇನ್ನೊಂದುಂಟು" ಎಂದರು. "ಆ ಸಂಜೆ ನಾನು ಬಾಗಿಲ ಹಿಂದೆ ಇದ್ದೆ. ನೀವಿಬ್ಬರೂ ಮಾತಾಡಿದ್ದು ಕೇಳಿತು. ಅವಳು ಬಂದದ್ದು ನಂಗೆ ಸರಿ ಕಾಣ್ಲಿಲ್ಲ. ಮೂರು ತಿಂಗಳಿಗೆ ಯಾರಾದ್ರೂ ಬಿಟ್ಟು ಬರ್ತಾರಾ? ತಿರುಗಿ ಹೋಗು ಅಂತ ಹೇಳ್ಲಿಕ್ಕೇ ಹೊರಟದ್ದು. ಅಷ್ಟರಲ್ಲಿ ನೀನು ಸಮ ಮಾಡಿದಿ ಅಂದಿ. ದಣಿದು ಬಂದಿದ್ದಾಳೆ, ನಾಳೆ ಹೇಳುವಾ ಅಂತ ಸುಮ್ಮನಾದೆ. ಮರುದಿನವೂ ನಾಳೆ ಅಂದೆ."

"ಅದಕ್ಕೇ ಇಷ್ಟು ವರ್ಷ ನನ್ನ ತಪ್ಪಲ್ಲ ಅಂದದ್ದಾ?"

"ನಂದು ಅಂತ ಗೊತ್ತಿತ್ತಲ್ಲ." ಸ್ವಲ್ಪ ಹೊತ್ತು ಕಲ್ಲಿನ ಪಾಚಿಯನ್ನು ಉಗುರಿನಿಂದ ಕೆರೆದರು. "ನೀ ದಿನಾ ನಿನ್ನದು ನಿನ್ನದು ಅಂತಿದ್ದೆ. ಒಂದಿನ, ಹೌದಿರಬಹುದು ಅನಿಸಿತು. ಆವತ್ತು ನಂಗೆ ಚಂದ ನಿದ್ದೆ ಬಂತು ಮಾದೇವಿ. ಅಷ್ಟು ವರ್ಷದಲ್ಲಿ ಬಂದಿರಲಿಲ್ಲ."

ನನಗೆ ಸಿಟ್ಟು ಬರಬೇಕಿತ್ತು. ಇವರ ಕಣ್ಣಿನ ಕೆಳಗೆ ಯಾವಾಗಲೂ ಇದ್ದ ಕಪ್ಪು ಈಗಿಲ್ಲ ಎಂಬುದಷ್ಟೇ ಕಂಡಿತು.

ಮುಂದಿನ ಮೂರು ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಸೆರಗಿನ ತುದಿಗೆ ಎರಡು ಕಲ್ಲು ಕಟ್ಟಿಕೊಂಡು ಮನೆಯೊಳಗೆ ಓಡಾಡಿದೆ. ಕೂತರೆ ತೊಡೆಯ ಮೇಲೆ ಒರಳಿನ ಗುಂಡು. ಇವರು ಬಾವಿಕಟ್ಟೆಗೂ ನನ್ನ ಮಣಿಕಟ್ಟು ಹಿಡಿದುಕೊಂಡೇ ಬರುತ್ತಿದ್ದರು. ಹೇಗಾದರೂ ಬೇರೊಂದು ಜಗಳ ಹುಟ್ಟಿಸಬೇಕೆಂದು ತಡಕಾಡಿದರು.

"ನಿನ್ನ ಅಪ್ಪ ಒಳ್ಳೆಯವರಲ್ಲ ಅಂತೇನೆ ನಾನು."

"ಒಳ್ಳೆಯವರಲ್ಲ. ನನ್ನ ಅಮ್ಮನನ್ನು ಎಷ್ಟು ಗೋಳಾಡಿಸಿದ್ದಾರೆ."

"ದೇವರಿಲ್ಲ."

"ನಂಗೂ ಹಾಗೇ ಅನಿಸ್ತದೆ."

"ಹೌದಾ? ಮತ್ತೆ ಇಷ್ಟು ವರ್ಷ ದೀಪ ಹಚ್ಚಿದ್ದು ಎಂತಕ್ಕೆ?"

"ನೀವು ಕೈ ಮುಗೀತಿದ್ರಲ್ಲ, ಬೇಜಾರಾಗ್ತದೆ ಅಂತ."

"ನಾ ಕೈ ಮುಗಿದದ್ದು ನೀ ದೀಪ ಹಚ್ಚಿದ್ದಿ ಅಂತ!"

ನಾವಿಬ್ಬರೂ ನಕ್ಕೆವು. ಸೋಮಿ ಹೋದ ಮೇಲೆ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಆ ನಗುವಿನಲ್ಲಿ ನನ್ನ ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲೆದ್ದಿತು. ಇವರು ನಗು ನಿಲ್ಲಿಸಿ ನನ್ನ ಎರಡೂ ಭುಜ ಒತ್ತಿ ಹಿಡಿದರು. ಎಷ್ಟೋ ವರ್ಷದಿಂದ ಹಾಗೆ ಹಿಡಿದಿರಲಿಲ್ಲ. ಹೀಗೇ ಹೋದರೂ ಆದೀತು ಎಂದು ಒಂದು ಗಳಿಗೆ ಅನಿಸಿತು.

ಮೂರನೆಯ ದಿನ ಮಧ್ಯಾಹ್ನ ಒಬ್ಬಳೇ ಕೂತಿದ್ದೆ. ಮೊರದಲ್ಲಿ ಸೀಗಡಿ ಇತ್ತು. ಮುರಿಯುತ್ತ ಮುರಿಯುತ್ತ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿಕೊಳ್ಳದ ಒಂದನ್ನು ಕೇಳಿಕೊಂಡೆ. ಆ ಸಂಜೆ ನನಗೆ ನಿಜವಾಗಿ ಏನನಿಸಿತ್ತು? ಅಯ್ಯೋ ಪಾಪ ಎಂದು ಹೌದು ಎಂದೆ ಅಂತಲೇ ನಾನು ಎಲ್ಲರಿಗೂ ಹೇಳುತ್ತ ಬಂದದ್ದು. ಈಗ ಅವಳ ಮುಖವನ್ನು ಎದುರಿಗಿಟ್ಟು ನೋಡಿದೆ. ಬಸ್ಸಿನ ಧೂಳು ಹಿಡಿದ ಕೂದಲು, ಸೀಗಡಿಯ ಮುಳ್ಳು ಚುಚ್ಚಿದ ಹೆಬ್ಬೆರಳನ್ನು ಚೀಪುತ್ತಿದ್ದ ಬಾಯಿ. ಮಾತಿಗೆ ಬೆಲೆಯಿಲ್ಲದ ಮನೆಯನ್ನು ಬಿಟ್ಟು ಬಂದಿದ್ದಳು. ನನಗೆ ಅದು ಸರಿ ಎಂದೇ ಕಂಡಿತ್ತು. ಇವತ್ತು ಬಂದು ಕೇಳಿದರೂ ಸರಿ ಎನ್ನುತ್ತೇನೆ. ಕರುಣೆಯೂ ಇತ್ತು, ಅದು ಬೇರೆ. ನಾನು ಅಲ್ಲ ಎಂದಿದ್ದರೆ ಅದು ಒಡೆಯರ ಮನೆಯ ಸಂಬಳದವನ ಕೂಗಾಗುತ್ತಿತ್ತು. ಅವಳಿಗೆ ಕೊಡಲು ನನ್ನಲ್ಲಿ ಒಂದು ಅಲ್ಲ ಇರಲೇ ಇಲ್ಲ.

ಇದು ಗೊತ್ತಾದಾಗ ನನಗೆ ಸಮಾಧಾನವಾಗಲಿಲ್ಲ. ಮೊರವನ್ನು ಬದಿಗಿಟ್ಟು ಅತ್ತೆ. ತಪ್ಪು ನನ್ನದಾಗಿದ್ದಷ್ಟು ದಿನ ಸೋಮಿ ನನ್ನವಳಾಗಿದ್ದಳು. ದಿನಕ್ಕೊಮ್ಮೆ ಅವಳನ್ನು ಜಗಲಿಗೆ ಕರೆತಂದು ಕೂರಿಸುತ್ತಿದ್ದೆ, ಬೇರೆ ಉತ್ತರ ಕೊಟ್ಟು ನೋಡುತ್ತಿದ್ದೆ, ಇನ್ನೇನು ಉಳಿದಾಳು ಎನ್ನುವಷ್ಟರಲ್ಲಿ ಬಿಡುತ್ತಿದ್ದೆ. ಇನ್ನು ಅವಳನ್ನು ಹೇಗೆ ಕರೆಯಲಿ? ಅವಳು ಕೇಳಿದಳು, ನಾನು ನಿಜ ಹೇಳಿದೆ, ಅವಳು ಹೋದಳು. ಅದರಲ್ಲಿ ನಾನು ಹೊಕ್ಕು ಕೂರಲು ಜಾಗವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಾತಿಗೆ ಬರುತ್ತೇನೆ ಎಂದೆ. "ಗಾಳಿ ಉಂಟು" ಎಂದರು ಇವರು. ಆದರೂ ಕೈ ಹಿಡಿದುಕೊಂಡು ಕರೆದುಕೊಂಡು ಹೋದರು. ಕುಪ್ಪಮ್ಮ ದೂರದಿಂದ ನೋಡಿ ತಲೆ ತಗ್ಗಿಸಿದಳು. ಒದ್ದೆಮಣ್ಣು ಹರಡಿದ ಒಂದು ಪಾತಿಯ ನಡುವೆ ನಾನು ನಿಂತೆ, ಸೆರಗಿನಲ್ಲಿ ಕಲ್ಲು. ಇವರು ಅಂಚಿನಲ್ಲಿ ನಿಂತರು.

"ಕೇಳಿತಾ? ಸೋಮಿ ಹೋದದ್ದು ನನ್ನ ತಪ್ಪಲ್ಲ."

"ಅದೇ ಅಲ್ವಾ ನಾನು..." ಎಂದು ರೂಢಿಯಂತೆ ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ಇವರ ಮಾತನ್ನು ಇವರಿಗೇ ತಿರುಗಿಸುತ್ತಿದ್ದೇನೆಯೇ, ನನ್ನದೇ ಹೇಳುತ್ತಿದ್ದೇನೆಯೇ ಎಂದು ಹುಡುಕಿದರು. ನನ್ನದೇ ಎಂದು ಗೊತ್ತಾಯಿತು.

"ನಾ ಹೇಳಿದ್ದು ಸರಿಯೇ ಇತ್ತು. ಅವಳು ಬಂದದ್ದೂ ಸರಿಯೇ" ಎಂದೆ.

ಇವರು ತಮಗೆ ಈಚೆಗಷ್ಟೇ ಸಿಕ್ಕಿದ ನಿದ್ದೆಯನ್ನು ಯಾರೋ ಕಸಿಯಲು ಬಂದ ಹಾಗೆ ಒಂದು ಹೆಜ್ಜೆ ಮುಂದೆ ಬಂದರು.

"ಅಲ್ಲ" ಎಂದರು. "ನಿಂದೇ ತಪ್ಪು. ನೀನು ಅವತ್ತು ಹಾಗೆ ಹೇಳಬಾರದಿತ್ತು. ಅವಳು ಬರಲೂಬಾರದಿತ್ತು, ನೀ ಸಮ ಅನ್ನಲೂಬಾರದಿತ್ತು!"

ನನ್ನ ಎರಡೂ ಪಾದ ಕಾಲ್ಗಂಟಿನ ತನಕ ಇಳಿದವು. ಸೆರಗಿನ ಕಲ್ಲು ಜಗ್ಗಿ ಮುಂದಕ್ಕೆ ಬಿದ್ದೆ, ಕೈಯೂರಿದೆ, ಅಂಗೈಯೂ ಹೂತಿತು. ಆಚೆ ಪಾತಿಯಿಂದ ಜಟ್ಟಪ್ಪ "ಹಾಂ, ಹಾಗೆ ಬರ್ಲಿ ಮಾದೇವಕ್ಕ!" ಎಂದು ಕೂಗಿದ. ಹೆಂಗಸರು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ಇವರು ಅಂಚಿನಲ್ಲೇ ನಿಂತಿದ್ದರು. ಎದೆ ಏರಿಳಿಯುತ್ತಿತ್ತು, ಕಣ್ಣು ಕೆಂಪಾಗಿತ್ತು. ಅಷ್ಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಎಷ್ಟು ತೂಕದ ದನಿ!

ಇದೇ ದನಿಯಲ್ಲಿ, ಆ ಸಂಜೆ ಬಾಗಿಲ ಹಿಂದಿನಿಂದ ಜಗಲಿಗೆ ಬಂದು, "ಸೋಮಿ, ನೀ ಬಂದದ್ದು ತಪ್ಪು" ಎಂದು ಒಂದೇ ಒಂದು ಸಲ ಹೇಳಿದ್ದರೆ, ಅವಳು ಅಣ್ಣನ ಮೇಲೆ ಕೂಗಾಡಿಕೊಂಡು ಇವತ್ತಿಗೂ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಹೇಳಿದ್ದರೆ ಇವರು ಹೌದು ಎಂದುಬಿಡುತ್ತಿದ್ದರು.